ಕೆಲಸ ತಪ್ಪಿದ ನಾಣ್ಯ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ಈ ಸಲ ಬೋನಸ್ಸಿನ ಮಾತನ್ನು ಬದಿಗಿಟ್ಟು ಚಿಲ್ಲರೆಯ ಮಾತನ್ನು ಎತ್ತಿಕೊಳ್ಳುತ್ತೇವೆಂದು ಹೇಳಿದಾಗ ನಮ್ಮವರಲ್ಲೇ ಕೆಲವರು ನಕ್ಕರು. "ನೋಟಿಗೇ ಗತಿಯಿಲ್ಲ, ಚಿಲ್ಲರೆಯ ಪುರಾಣ ಏತಕ್ಕೆ?" ಎಂದರು. ನಗಲಿ. ಆದರೆ ಸಂಘದ ದೂರಿನ ವಹಿಯನ್ನು ತೆರೆದು ನೋಡಿದರೆ, ಕಳೆದ ಮೂರು ತಿಂಗಳಲ್ಲಿ ಬಂದ ದೂರುಗಳಲ್ಲಿ ಮೂರು ಈ ಚಿಲ್ಲರೆಗೇ ಸೇರಿದವು.

ಒಂದನೆಯದು ಟೇಬಲು ನೋಡುವ ಹುಡುಗನೊಬ್ಬನದು. ತಿಂಗಳೆಲ್ಲ ಕೂಡಿಸಿದ ಭಕ್ಷೀಸಿನ ಹತ್ತು ರೂಪಾಯಿ ನಾಣ್ಯಗಳನ್ನು ಕಟ್ಟಿಕೊಂಡು ಊರಿಗೆ ಹೊರಟಾಗ, ದಾರಿಯ ಅಂಗಡಿಯವನು "ಇದು ಇಲ್ಲಿ ನಡೆಯುವುದಿಲ್ಲ" ಎಂದು ಕೈಯಾಡಿಸಿದ. ಎರಡನೆಯದು ಕೆಲಸ ಬಿಟ್ಟ ಭಟ್ಟರೊಬ್ಬರದು. ಅವರ ಬಾಕಿ ಪಗಾರ ೬,೦೦೦ ರೂಪಾಯಿಯನ್ನು ಧನಿಗಳು ಒಂದು, ಎರಡು ರೂಪಾಯಿಯ ನಾಣ್ಯ ತುಂಬಿದ ಚೀಲದಲ್ಲಿ ಮುಂದಿಟ್ಟು "ಎಣಿಸಿಕೊಳ್ಳಿ" ಎಂದರು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಮೋರಿಯಲ್ಲಿ ಲೋಟ ತೊಳೆಯುವ ನಮ್ಮ ತಮ್ಮನೊಬ್ಬ, ಅಜ್ಜಿ ಕೊಟ್ಟ ಹಳೆಯ ನಾಣ್ಯ ಲಕ್ಷಗಟ್ಟಲೆಗೆ ಹೋಗುತ್ತದೆಂಬ ಜಾಹೀರಾತು ನಂಬಿ, ಮನೆಗೆ ಕಳಿಸಬೇಕಾಗಿದ್ದ ಎರಡು ತಿಂಗಳ ದುಡ್ಡನ್ನು ಯಾರಿಗೋ ಕಳಿಸಿ ಕೈ ಹಿಸುಕಿಕೊಂಡು ಕುಳಿತ.

ಮೂರೂ ಬೇರೆ ಬೇರೆ ದೂರುಗಳಂತೆ ಕಾಣುತ್ತವೆ. ಬುಡ ಮಾತ್ರ ಒಂದೇ. ಕೆಲವು ನಾಣ್ಯಗಳು ಕೈಯಿಂದ ಕೈಗೆ ಓಡಾಡುತ್ತವೆ, ಕೆಲವು ಎಲ್ಲೋ ನಿಂತುಬಿಡುತ್ತವೆ. ಏಕೆ? ಇದೊಂದು ತಿಳಿದರೆ ಅಂಗಡಿಯವನಿಗೂ ಉತ್ತರ ಕೊಡಬಹುದು, ಧನಿಗೂ ಉತ್ತರ ಕೊಡಬಹುದು, ಮೋಸಗಾರನಿಗೂ ಉತ್ತರ ಕೊಡಬಹುದು. ನಾವು ಏಳನೆಯ ಇಯತ್ತೆ ಮುಗಿಸಿ ಹೋಟೆಲು ಸೇರಿದವರು. ಅರ್ಥಶಾಸ್ತ್ರವನ್ನು ಕಾಲೇಜಿನಲ್ಲಿ ಕಲಿತವರಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಿಂತು ಕಲಿತದ್ದು ಅಷ್ಟು, ಸಂಘದ ವಾಚನಾಲಯದಲ್ಲಿ ಓದಿದ್ದು ಇಷ್ಟು. ಅದನ್ನೇ ತಮ್ಮ ಮುಂದೆ ಇಡುತ್ತೇವೆ.

ಮೊದಲು ಗಲ್ಲಾಪೆಟ್ಟಿಗೆಯನ್ನೇ ನೋಡಿರಿ. ಅದರೊಳಗೆ ನಾಣ್ಯಗಳಿಗೆಂದು ನಾಲ್ಕೈದು ಖಾನೆಗಳಿರುತ್ತವೆ. ಒಂದು, ಎರಡು, ಐದು, ಹತ್ತು, ಹೀಗೆ. ಖಾನೆ ಇದ್ದ ನಾಣ್ಯ ಬೆಳಗಿನ ಇಡ್ಲಿಯ ಹೊತ್ತಿಗೆ ಒಳಗೆ ಬರುತ್ತದೆ, ಹತ್ತು ಗಂಟೆಯ ಚಹದ ಹೊತ್ತಿಗೆ ಹೊರಗೆ ಹೋಗುತ್ತದೆ. ಖಾನೆ ಇಲ್ಲದ ನಾಣ್ಯ ಬಂದರೆ ಗಲ್ಲಾದವನು ಅದನ್ನು ಮೂಲೆಗೆ ಎಸೆಯುತ್ತಾನೆ. ಮೂಲೆಗೆ ಬಿದ್ದದ್ದು ಮತ್ತೆ ಹೊರಗೆ ಹೋಗುವುದಿಲ್ಲ. ನಾಣ್ಯಕ್ಕೆ ಬಾಳು ಎಂದರೆ ಓಡಾಟ. ಅದು ಅಪರೂಪವಾಗುವುದು ವಯಸ್ಸಾಯಿತೆಂದು ಅಲ್ಲ. ಕೆಲಸ ತಪ್ಪಿತೆಂದು.

ನಮ್ಮ ಕನ್ನಡದ ಮಾತನ್ನೇ ತೆಗೆದುಕೊಳ್ಳಿ. "ಹಣ" ಎನ್ನುತ್ತೇವೆ, "ದುಡ್ಡು" ಎನ್ನುತ್ತೇವೆ, "ಕಾಸು" ಎನ್ನುತ್ತೇವೆ. ಇವು ಮೂರೂ ಒಂದು ಕಾಲದಲ್ಲಿ ನಿಜವಾದ ನಾಣ್ಯಗಳು. ಹಣವೆಂದರೆ ಬೆರಳ ತುದಿಯಲ್ಲಿ ನಿಲ್ಲುವಷ್ಟು ಚಿಕ್ಕ ಚಿನ್ನದ ನಾಣ್ಯ. ಹದಿನೇಳನೆಯ ಶತಮಾನದಲ್ಲಿ ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರು ಹೊಡೆಸಿದ ಹಣಕ್ಕೆ ಕಂಠೀರಾಯ ಹಣವೆಂದೇ ಹೆಸರಾಯಿತು. ದುಡ್ಡು, ಕಾಸು ಎಂಬುವು ತಾಮ್ರದವು. ಇವತ್ತು ಆ ನಾಣ್ಯಗಳು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿವೆ, ಹೆಸರುಗಳು ನಮ್ಮ ಬಾಯಲ್ಲಿವೆ. ಬಿಡಿಗಾಸು ಎಂದರೆ ಇಂದು ಏನೂ ಇಲ್ಲವೆಂಬ ಅರ್ಥ. ಅಂದು ಅದಕ್ಕೂ ಏನಾದರೂ ಸಿಗುತ್ತಿತ್ತು.

ನಾಣ್ಯಕ್ಕೆ ಕೆಲಸ ತಪ್ಪುವ ದಾರಿಗಳು ಹಲವು. ಒಂದೊಂದಾಗಿ ನೋಡೋಣ.

ಮೊದಲನೆಯ ದಾರಿ ಲೋಹದ್ದು. ನಾಣ್ಯದ ಮೇಲೆ ಬರೆದ ಬೆಲೆಗಿಂತ ಒಳಗಿನ ಲೋಹದ ಬೆಲೆ ಹೆಚ್ಚಾದರೆ ಆ ನಾಣ್ಯ ಪೇಟೆಯಲ್ಲಿ ಉಳಿಯುವುದಿಲ್ಲ. ಬ್ರಿಟಿಷರ ಕಾಲದ ಬೆಳ್ಳಿಯ ರೂಪಾಯಿಯಲ್ಲಿ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಎರಡನೆಯ ಮಹಾಯುದ್ಧ ಬಂದಾಗ ಜನ ಹೆದರಿ ಬೆಳ್ಳಿಯ ರೂಪಾಯಿಗಳನ್ನು ಗಡಿಗೆಗೆ ತುಂಬಿದರು. ಅಗತ್ಯಕ್ಕಿಂತ ಹೆಚ್ಚು ನಾಣ್ಯ ಕೂಡಿಸುವುದು ಅಪರಾಧವೆಂದು ಸರಕಾರ ೧೯೪೦ರಲ್ಲಿ ಸಾರಿತು. ಅದೇ ವರ್ಷ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು, ಒಂದು ರೂಪಾಯಿಯ ನೋಟನ್ನೂ ಹೊರಡಿಸಿತು. ೧೯೪೭ರ ಹೊತ್ತಿಗೆ ರೂಪಾಯಿ ಪೂರ್ತಿ ನಿಕ್ಕಲಿನದಾಯಿತು. ಹಗುರ ರೂಪಾಯಿಗೂ ಭಾರದ ರೂಪಾಯಿಗೂ ಅಂಗಡಿಯಲ್ಲಿ ಒಂದೇ ಸಾಮಾನು ಸಿಗುವುದಾದರೆ, ಭಾರದ್ದನ್ನು ಕೊಡುವ ಮೂರ್ಖ ಯಾರು? ಹಗುರದ್ದು ಪೇಟೆಗೆ, ಭಾರದ್ದು ಪೆಟ್ಟಿಗೆಗೆ.

ಬೆಳ್ಳಿ ಮಾತ್ರವಲ್ಲ, ಯುದ್ಧಕಾಲದಲ್ಲಿ ತಾಮ್ರಕ್ಕೂ ಬರ ಬಂತು. ಅದಕ್ಕೇ ೧೯೪೩ರಿಂದ ೧೯೪೭ರವರೆಗೆ ನಡುವೆ ತೂತಿದ್ದ ಪೈಸೆ ಬಂತು. ನಮ್ಮ ಮನೆಗಳಲ್ಲಿ ಇಂದಿಗೂ ಕೆಲವು ಅಜ್ಜಿಯರ ಹತ್ತಿರ ದಾರಕ್ಕೆ ಪೋಣಿಸಿಟ್ಟ ತೂತು ಕಾಸು ಸಿಗುತ್ತದೆ. ತೂತು ಶೋಭೆಗೆ ಮಾಡಿದ್ದಲ್ಲ, ಲೋಹ ಉಳಿಸಲು ಮಾಡಿದ್ದು. ಮೋರ್ವಿ, ನವಾನಗರ, ಜುನಾಗಢದಂಥ ಸಂಸ್ಥಾನಗಳಲ್ಲಿ ಚಿಲ್ಲರೆಯ ಬದಲು ರಟ್ಟಿನ ಚೀಟಿಗಳನ್ನೇ ಅಚ್ಚು ಮಾಡಿ ಹಂಚಬೇಕಾಯಿತು.

ಈ ಕಥೆ ಸ್ವಾತಂತ್ರ್ಯದ ಜೊತೆ ಮುಗಿಯಲಿಲ್ಲ. ಅರುವತ್ತರ ದಶಕದಲ್ಲಿ ಲೋಹದ ಬೆಲೆ ಏರಿದಾಗ ಸಣ್ಣ ನಾಣ್ಯಗಳೆಲ್ಲ ಒಂದೊಂದಾಗಿ ಅಲ್ಯೂಮಿನಿಯಮ್ಮಿಗೆ ಇಳಿದವು. ನಮ್ಮ ಕಾಲದಲ್ಲೇ ನೋಡಿರಿ. ೧೯೯೨ರಲ್ಲಿ ಬಂದ ಐದು ರೂಪಾಯಿ ತಾಮ್ರ ನಿಕ್ಕಲು ಬೆರೆಸಿದ್ದು, ಒಂಬತ್ತು ಗ್ರಾಮು ತೂಕ, ಅಂಚಿನಲ್ಲಿ ಗೀರು. ಕೈಗೆ ಬಂದರೆ ಏನೋ ಬಂತೆಂದು ಅನಿಸುತ್ತಿತ್ತು. ನಮ್ಮ ನಾಣ್ಯಗಳು ಗಡಿ ದಾಟಿ ಬಾಂಗ್ಲಾದೇಶಕ್ಕೆ ಹೋಗಿ, ಅಲ್ಲಿ ಕರಗಿ, ಗಡ್ಡ ಹೆರೆಯುವ ಬ್ಲೇಡುಗಳಾಗುತ್ತಿವೆಯೆಂದು ೨೦೦೭ರಲ್ಲಿ ಪತ್ರಿಕೆಗಳು ಬರೆದವು. ಅದೇ ವರ್ಷ ಐದು ರೂಪಾಯಿ ಹಗುರಾದ ಸ್ಟೀಲಿನದಾಗಿ ಬಂತು, ೨೦೦೯ರಲ್ಲಿ ಹಳದಿ ಬಣ್ಣದ ನಿಕ್ಕಲು ಹಿತ್ತಾಳೆಯದಾಯಿತು. ಹಳೆಯ ದಪ್ಪ ಐದು ರೂಪಾಯಿ ಇಂದು ಕೈಗೆ ಸಿಗುವುದು ಅಪರೂಪ. ಅದು ಸಾಯಲಿಲ್ಲ, ಕರಗಿತು, ಇಲ್ಲವೇ ಅಡಗಿತು.

ಎರಡನೆಯ ದಾರಿ ಲೆಕ್ಕದ್ದು. ಪೇಟೆಯ ಬೆಲೆಗಳಲ್ಲಿ ಜಾಗವಿಲ್ಲದ ನಾಣ್ಯಕ್ಕೆ ಕೆಲಸವಿಲ್ಲ. ೧೯೫೭ನೆಯ ಏಪ್ರಿಲ್ ೧ಕ್ಕೆ ಮೊದಲು ರೂಪಾಯಿಗೆ ೧೬ ಆಣೆ, ಆಣೆಗೆ ೪ ಪೈಸೆ, ಪೈಸೆಗೆ ೩ ಪೈ. ಆ ದಿನದಿಂದ ರೂಪಾಯಿಗೆ ೧೦೦ ನಯೇ ಪೈಸೆ ಎಂದಾಯಿತು. ಒಂದಾಣೆಗೆ ಆರೂಕಾಲು ನಯೇ ಪೈಸೆ ಬರಬೇಕು. ಕಾಲು ಪೈಸೆಯ ನಾಣ್ಯವಿಲ್ಲ. ಆದುದರಿಂದ ಒಂದಾಣೆಗೆ ೬, ಎರಡಾಣೆಗೆ ೧೨, ಮೂರಾಣೆಗೆ ೧೯, ನಾಲ್ಕಾಣೆಗೆ ಸರಿಯಾಗಿ ೨೫ ಎಂದು ಕೋಷ್ಟಕ ಹಾಕಿದರು. ಎರಡಾಣೆ ಕೊಟ್ಟವನಿಗೆ ಅರ್ಧ ಪೈಸೆ ನಷ್ಟ. ಮೂರಾಣೆ ಕೊಟ್ಟವನಿಗೆ ಕಾಲು ಪೈಸೆ ಲಾಭ. ದೊಡ್ಡ ವ್ಯಾಪಾರಿಗೆ ಇದು ಲೆಕ್ಕಕ್ಕಿಲ್ಲ. ದಿನಕ್ಕೆ ಹತ್ತು ಸಲ ಎರಡಾಣೆ ಬಿಚ್ಚುವವನಿಗೆ ಲೆಕ್ಕಕ್ಕಿದೆ.

೧೯೬೪ರಲ್ಲಿ "ನಯೇ" ಎಂಬ ಮಾತು ಬಿಟ್ಟುಹೋಯಿತು. ಅದೇ ವರ್ಷ ಆರು ಮೂಲೆಯ, ಅಲ್ಯೂಮಿನಿಯಮ್ಮಿನ ಮೂರು ಪೈಸೆ ಬಂತು. ಅರ್ಧಾಣೆಯೆಂದರೆ ಮೂರು ಪೈಸೆಯ ಹತ್ತಿರ ಹತ್ತಿರ. ಆಣೆಯಲ್ಲೇ ಯೋಚಿಸುತ್ತಿದ್ದ ಜನರಿಗೆ ಅದು ಅನುಕೂಲವಾಗಿ ಕಂಡಿರಬೇಕು. ಆದರೆ ಒಂದು ಪೈಸೆ, ಎರಡು ಪೈಸೆ ಎರಡೂ ಕೈಯಲ್ಲಿರುವಾಗ ಮೂರರ ನಾಣ್ಯ ಏತಕ್ಕೆ? ಒಂದೂ ಎರಡೂ ಕೂಡಿದರೆ ಮೂರಾಯಿತು. ಆಣೆಯ ಲೆಕ್ಕ ಜನರ ತಲೆಯಿಂದ ಇಳಿದಂತೆ ಮೂರು ಪೈಸೆಗೂ ಕೆಲಸ ಇಳಿಯಿತು. ೧೯೭೧ರ ನಂತರ ಪೇಟೆಗಾಗಿ ಅದನ್ನು ಹೊಡೆಯಲಿಲ್ಲ. ಏಳೆಂಟು ವರ್ಷದ ಆಯುಷ್ಯ, ಅಷ್ಟೇ.

ಇಪ್ಪತ್ತು ಪೈಸೆಯ ಹಣೆಬರಹವೂ ಹೀಗೆಯೇ. ಅದು ೧೯೬೮ರಲ್ಲಿ ಬಂತು. ಹಿತ್ತಾಳೆಯ ಬಣ್ಣ, ಮೇಲೆ ತಾವರೆ ಹೂ, ನೋಡಲು ಚಂದ. ಅದು ಜನಪ್ರಿಯವಾಗಲಿಲ್ಲವೆಂದು ರಿಜರ್ವ್ ಬ್ಯಾಂಕೇ ತನ್ನ ನಾಣ್ಯ ಚರಿತ್ರೆಯಲ್ಲಿ ಬರೆದಿದೆ. ಏಕೆ ಆಗಲಿಲ್ಲ? ಪಕ್ಕದಲ್ಲಿ ೨೫ ಪೈಸೆ ಕುಳಿತಿತ್ತು. ಜನರ ಬಾಯಲ್ಲಿ ಅದು ನಾಲ್ಕಾಣೆ, ಪಾವಲಿ. ೫೦ ಪೈಸೆ ಎಂಟಾಣೆ. ಈ ಎರಡಕ್ಕೂ ಹಳೆಯ ಹೆಸರಿತ್ತು, ಹಳೆಯ ಬೆಲೆಗಳಿದ್ದವು, ಗಲ್ಲಾದಲ್ಲಿ ಹಳೆಯ ಖಾನೆ ಇತ್ತು. ಇಪ್ಪತ್ತಕ್ಕೆ ಆಣೆಯ ಹೆಸರೇ ಇರಲಿಲ್ಲ. ಪೇಟೆಯಲ್ಲಿ ಜಾಗ ಸಿಗದ ತಾವರೆ ನಾಣ್ಯ ಎಷ್ಟೋ ಮನೆಗಳಲ್ಲಿ ಲಕ್ಷ್ಮೀಪೂಜೆಯ ತಟ್ಟೆ ಸೇರಿತು. ಮುಂದೆ ೧೯೮೨ರಲ್ಲಿ ಆರು ಮೂಲೆಯ ಅಲ್ಯೂಮಿನಿಯಂ ವೇಷದಲ್ಲಿ ಅದು ಮತ್ತೆ ಬಂತು. ಅಮೆರಿಕದಲ್ಲೂ ೧೮೭೫ರಲ್ಲಿ ಇಪ್ಪತ್ತು ಸೆಂಟಿನ ನಾಣ್ಯ ಹೊರಟಿತ್ತು. ಅಲ್ಲಿಯೂ ಇಪ್ಪತ್ತೈದು ಸೆಂಟಿನದು ಮೊದಲೇ ಇತ್ತು, ಎರಡೂ ನೋಡಲು ಒಂದೇ ತೆರ. ೧೮೭೮ರಲ್ಲಿ ಕಾಯಿದೆ ಮಾಡಿ ಅದನ್ನು ನಿಲ್ಲಿಸಬೇಕಾಯಿತು. ದೇಶ ಬೇರೆ, ಗಲ್ಲಾಪೆಟ್ಟಿಗೆಯ ನ್ಯಾಯ ಒಂದೇ.

ಮೂರನೆಯ ದಾರಿ ಪ್ರೀತಿಯದು. ಜನ ಪ್ರೀತಿಯಿಂದ ಎತ್ತಿಟ್ಟರೂ ನಾಣ್ಯಕ್ಕೆ ಕೆಲಸ ತಪ್ಪುತ್ತದೆ. ಅಮೆರಿಕದ ಅಧ್ಯಕ್ಷ ಕೆನಡಿಯವರ ಕೊಲೆ ೧೯೬೩ರ ನವೆಂಬರಿನಲ್ಲಾಯಿತು. ಮರುವರ್ಷ ಅವರ ಮುಖವಿದ್ದ ಅರ್ಧ ಡಾಲರಿನ ಬೆಳ್ಳಿಯ ನಾಣ್ಯ ಹೊರಟಿತು. ಜನ ಅದನ್ನು ನೆನಪಿಗೆಂದು ಎತ್ತಿಟ್ಟರು. ಬೆಳ್ಳಿಯ ಬೆಲೆ ಏರುತ್ತಿದ್ದುದರಿಂದ ಇನ್ನಷ್ಟು ಎತ್ತಿಟ್ಟರು. ಬೆಳ್ಳಿಯನ್ನು ಮೊದಲು ಇಳಿಸಿ, ೧೯೭೧ರಲ್ಲಿ ಪೂರ್ತಿ ತೆಗೆದುಹಾಕಿದರೂ ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಅಂಗಡಿಗಳು ಅದಿಲ್ಲದೆ ವ್ಯಾಪಾರ ಮಾಡಲು ಕಲಿತಿದ್ದವು. ೨೦೦೨ರಿಂದ ಎಷ್ಟೋ ವರ್ಷ ಅದನ್ನು ಸಂಗ್ರಾಹಕರಿಗೆಂದೇ ಹೊಡೆದರು. ಒಮ್ಮೆ ಖಾನೆ ಕಳೆದುಕೊಂಡ ನಾಣ್ಯಕ್ಕೆ ಅದು ತಿರುಗಿ ಸಿಗುವುದು ಕಷ್ಟ. ಕೆಲಸ ಬಿಟ್ಟು ಊರಿಗೆ ಹೋಗಿ ನಾಲ್ಕು ತಿಂಗಳು ನಿಂತು ಬಂದವನಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು, ಹುಟ್ಟುವಾಗಲೇ ಪೇಟೆಗಲ್ಲದ ನಾಣ್ಯ. ನಮ್ಮಲ್ಲಿ ನೆನಪಿನ ನಾಣ್ಯಗಳು ೧೯೬೪ರಲ್ಲಿ ನೆಹರೂ ಅವರ ಮುಖದಿಂದ ಆರಂಭವಾದವು. ಅವು ಐವತ್ತು ಪೈಸೆ, ಒಂದು ರೂಪಾಯಿ. ಜನರ ಕೈಯಲ್ಲಿ ಓಡಾಡಿದವು. ೨೦೦೬ರ ಬಸವೇಶ್ವರರ ಐದು ರೂಪಾಯಿಯನ್ನು ಹಿಡಿದು ಕಣ್ಣಿಗೊತ್ತಿಕೊಂಡವರು ನಮ್ಮ ಖೋಲಿಯಲ್ಲೇ ಇದ್ದಾರೆ. ಆದರೆ ೭೫, ೧೨೫, ೧೫೦, ೧,೦೦೦ ರೂಪಾಯಿಯ ನಾಣ್ಯಗಳೂ ಇವೆ. ೨೦೨೩ರ ಮೇ ತಿಂಗಳಲ್ಲಿ ಹೊಸ ಸಂಸತ್ ಭವನದ ಪ್ರಾರಂಭಕ್ಕೆ ೭೫ ರೂಪಾಯಿಯದು ಹೊರಟಿತು. ಇವನ್ನು ಟಂಕಸಾಲೆಯಿಂದ ಬರೆದ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳಬೇಕು. ಹೆಚ್ಚು ಕೊಟ್ಟು ಕೊಂಡದ್ದನ್ನು ಬರೆದ ಬೆಲೆಗೆ ಯಾರು ಖರ್ಚು ಮಾಡುತ್ತಾರೆ?

ಬಾಬಾಸಾಹೇಬ ಅಂಬೇಡ್ಕರರ ನಾಣ್ಯಗಳಲ್ಲಿ ಈ ಭೇದ ಚೆನ್ನಾಗಿ ಕಾಣುತ್ತದೆ. ೧೯೯೦ರಲ್ಲಿ ಅವರ ಜನ್ಮಶತಾಬ್ದಿಗೆ ಒಂದು ರೂಪಾಯಿಯ ನಾಣ್ಯ ಬಂತು. ಅದು ಬಸ್ಸಿನ ಕಂಡಕ್ಟರನ ಚೀಲದಲ್ಲೂ ಇತ್ತು, ತರಕಾರಿಯವಳ ಸೆರಗಿನ ಗಂಟಿನಲ್ಲೂ ಇತ್ತು. ೨೦೧೫ರ ಡಿಸೆಂಬರಿನಲ್ಲಿ, ೧೨೫ನೆಯ ಜಯಂತಿಯ ವರ್ಷ, ಎರಡು ನಾಣ್ಯ ಹೊರಟವು. ಹತ್ತು ರೂಪಾಯಿಯದು ಒಂದು, ೧೨೫ ರೂಪಾಯಿಯದು ಒಂದು. ಹತ್ತರದು ನಮ್ಮಂಥವರ ಅಂಗೈಗೂ ಬಂತು. ನೂರಿಪ್ಪತ್ತೈದರದು ಮಖಮಲ್ಲಿನ ಡಬ್ಬಿಯಲ್ಲಿ ಕುಳಿತಿತು. ಮುಖ ಒಂದೇ, ಹೆಸರು ಒಂದೇ. ಒಂದು ದುಡಿಯುವ ನಾಣ್ಯ, ಇನ್ನೊಂದು ಕುಳಿತ ನಾಣ್ಯ.

ಐದನೆಯ ದಾರಿ ಗಾಳಿಮಾತಿನದು. ನಮ್ಮ ಮೊದಲನೆಯ ದೂರು ಇಲ್ಲಿಗೆ ಸೇರಿದ್ದು. ಎರಡು ಬಣ್ಣದ ಲೋಹದ ಹತ್ತು ರೂಪಾಯಿಯನ್ನು ೨೦೦೫ರಿಂದ ಹೊಡೆಯತೊಡಗಿ ೨೦೦೯ರಲ್ಲಿ ಪೇಟೆಗೆ ಬಿಟ್ಟರು. ಕಾಲಕಾಲಕ್ಕೆ ಚಿತ್ರ ಬದಲಾಯಿತು. ಒಂದರಲ್ಲಿ ರೂಪಾಯಿಯ ಹೊಸ ಚಿಹ್ನೆ ಇದೆ, ಒಂದರಲ್ಲಿ ಇಲ್ಲ. ಒಂದರಲ್ಲಿ ಹತ್ತು ಗೆರೆ, ಒಂದರಲ್ಲಿ ಹದಿನೈದು ಗೆರೆ. ಇಷ್ಟೇ ಸಾಕಾಯಿತು. ಇದು ಖೋಟಾ, ಅದು ಅಸಲಿ ಎಂದು ಯಾರೋ ಹೇಳಿದರು, ಎಲ್ಲರೂ ನಂಬಿದರು. ಚೆನ್ನೈ, ಹೈದರಾಬಾದಿನ ಕಡೆ, ನಮ್ಮ ಕರ್ನಾಟಕದ ಹಲವು ಊರುಗಳಲ್ಲಿ ಕೂಡ, ಹತ್ತು ರೂಪಾಯಿಯ ನಾಣ್ಯವನ್ನು ಮುಟ್ಟಲೊಲ್ಲದ ಕಾಲ ಬಂತು. ರಿಜರ್ವ್ ಬ್ಯಾಂಕು ೨೦೧೮ರ ಜನವರಿ ೧೭ರಂದು ಸ್ಪಷ್ಟವಾಗಿ ಸಾರಿತು. ಅಲ್ಲಿಯವರೆಗೆ ಹೊರಡಿಸಿದ ಹದಿನಾಲ್ಕು ಚಿತ್ರದ ಹತ್ತು ರೂಪಾಯಿಗಳೂ ಅಸಲಿಯೇ, ಎಲ್ಲವೂ ನಡೆಯತಕ್ಕವೇ ಎಂದು. ಒಬ್ಬ ಅಂಗಡಿಯವನು ಬೇಡವೆನ್ನುವುದು ಪಕ್ಕದ ಅಂಗಡಿಯವನು ಬೇಡವೆನ್ನುತ್ತಾನೆಂಬ ಹೆದರಿಕೆಯಿಂದ. ಪಕ್ಕದವನ ಹೆದರಿಕೆ ಇವನಿಂದ. ಸರಕಾರ ರದ್ದು ಮಾಡದ ನಾಣ್ಯವನ್ನು ನಾವೇ ಒಬ್ಬರಿಗೊಬ್ಬರು ಹೆದರಿ ರದ್ದು ಮಾಡುತ್ತೇವೆ.

ಆರನೆಯದು ಬೆಲೆಯೇರಿಕೆಯದು. ಇದು ಎಲ್ಲಕ್ಕಿಂತ ಮೆಲ್ಲಗೆ ಬರುತ್ತದೆ, ಎಲ್ಲವನ್ನೂ ನುಂಗುತ್ತದೆ. ಘೇಂಡಾಮೃಗದ ಚಿತ್ರವಿದ್ದ ನಾಲ್ಕಾಣೆ ೧೯೮೮ರಲ್ಲಿ ಸ್ಟೀಲಿನಲ್ಲಿ ಬಂದಾಗ ಅದಕ್ಕೆ ಕೆಲಸವಿತ್ತು. ೨೦೧೧ರ ಜೂನ್ ೩೦ಕ್ಕೆ ೨೫ ಪೈಸೆಯನ್ನೂ ಅದಕ್ಕಿಂತ ಕೆಳಗಿನವನ್ನೂ ಸರಕಾರ ರದ್ದು ಮಾಡಿತು. ಆಗ ನಾವು ಟೇಬಲು ನೋಡುತ್ತಿದ್ದೆವು. ಯಾರೂ ಅಳಲಿಲ್ಲ, ಏಕೆಂದರೆ ಅದಕ್ಕೆ ಬಹಳ ಮೊದಲೇ ನಾಲ್ಕಾಣೆಗೆ ಏನೂ ಸಿಗುತ್ತಿರಲಿಲ್ಲ. ಸರಕಾರ ಮಾಡಿದ್ದು ತಿಥಿ ಮಾತ್ರ, ಸಾವು ಮೊದಲೇ ಆಗಿತ್ತು. ಎಂಟಾಣೆಯ ಕಥೆ ಇನ್ನೂ ವಿಚಿತ್ರ. ಕಾಯಿದೆಯ ಪ್ರಕಾರ ಅದು ಇಂದಿಗೂ ಜೀವಂತ. ಪೇಟೆಯಲ್ಲಿ ಮಾತ್ರ ಯಾರೂ ಮುಟ್ಟುವುದಿಲ್ಲ.

ಬಂಧುಗಳೇ, ಸಣ್ಣ ನಾಣ್ಯ ಸತ್ತರೆ ಯಾರಿಗೆ ನಷ್ಟ? ಲಕ್ಷದಲ್ಲಿ ವ್ಯವಹರಿಸುವವನಿಗೆ ಅಲ್ಲ. ಚಿಲ್ಲರೆ ಇಲ್ಲವೆಂದು ಅಂಗಡಿಯವನು ಕೈಗೆ ಪೆಪ್ಪರಮಿಂಟು ಇಟ್ಟರೆ ಆ ಪೆಪ್ಪರಮಿಂಟನ್ನು ನಾವು ಬಸ್ಸಿಗೆ ಕೊಡಲಾಗುವುದಿಲ್ಲ. ಎಂಟಾಣೆ ಇಲ್ಲದಾಗ ಬೆಲೆ ಏರುವುದಾದರೆ ಎಂಟಾಣೆಯಷ್ಟು ಏರುವುದಿಲ್ಲ, ಒಂದು ರೂಪಾಯಿ ಏರುತ್ತದೆ. ನಾಳೆ ಒಂದು ರೂಪಾಯಿಗೂ ಕೆಲಸ ತಪ್ಪಿದರೆ ಎರಡು ಏರುತ್ತದೆ. ಮೆಟ್ಟಲು ಎತ್ತರವಾದಷ್ಟೂ ಗಿಡ್ಡ ಕಾಲಿನವನಿಗೇ ಕಷ್ಟ.

ನಮ್ಮ ವೃತ್ತಿಯಲ್ಲಿ ಇನ್ನೂ ಒಂದು ನಷ್ಟವಿದೆ. ಗಿರಾಕಿ ತಟ್ಟೆಯಲ್ಲಿ ಬಿಟ್ಟು ಹೋಗುವ ಎರಡು, ಐದು, ಹತ್ತರ ನಾಣ್ಯ ನೇರವಾಗಿ ಟೇಬಲಿನವನ ಕೈಗೆ ಬರುತ್ತದೆ. ನಡುವೆ ಗಲ್ಲಾ ಇಲ್ಲ, ವಹಿ ಇಲ್ಲ, ಧನಿ ಇಲ್ಲ. ಈಗ ಮೊಬೈಲಿನಿಂದ ಗೋಡೆಯ ಚೌಕ ಚಿತ್ರಕ್ಕೆ ದುಡ್ಡು ಹೊಡೆಯುವ ಪದ್ಧತಿ ೨೦೧೬ರಿಂದ ಎಲ್ಲೆಡೆ ಹಬ್ಬಿದೆ. ಅನುಕೂಲ ಹೌದು, ಬೇಡವೆನ್ನಲಾರೆವು. ನಾವೂ ಊರಿಗೆ ಅದರಿಂದಲೇ ದುಡ್ಡು ಕಳಿಸುತ್ತೇವೆ. ಆದರೆ ಆ ಚೌಕ ಧನಿಯ ಖಾತೆಯದು. ಬಿಲ್ಲಿನ ಜೊತೆ ಗಿರಾಕಿ ಹತ್ತು ರೂಪಾಯಿ ಹೆಚ್ಚು ಹೊಡೆದರೆ ಅದು ಯಾರಿಗೆ ಸೇರಿತು? ಚಿಲ್ಲರೆ ಹೋದಲ್ಲಿ ಭಕ್ಷೀಸೂ ಹೋಯಿತು. ಇದು ನಾಣ್ಯಶಾಸ್ತ್ರವಲ್ಲ, ನಮ್ಮ ಹೊಟ್ಟೆಯ ಮಾತು.

ಈಗ ಮೂರನೆಯ ದೂರಿಗೆ ಬರೋಣ. ಕೆಲಸ ತಪ್ಪಿದ ನಾಣ್ಯವೆಲ್ಲ ಲಕ್ಷಕ್ಕೆ ಹೋಗುತ್ತದೆಯೇ? ಇಲ್ಲ. ಮೂರು ಪೈಸೆಯನ್ನು ಕ್ವಚಿತ್ತಾಗಿ ಕಾಣುತ್ತೇವೆ ನಿಜ, ಆದರೆ ಅದನ್ನು ಹೊಡೆದದ್ದು ಕೋಟಿಗಟ್ಟಲೆ. ಹಳೆಯ ಸಾಮಾನಿನ ಬೀದಿಗೆ ಹೋದರೆ ತಟ್ಟೆ ತುಂಬ ಸಿಗುತ್ತದೆ, ಬೆಲೆಯೂ ಸ್ವಲ್ಪವೇ. ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದು ಹಳೆಯದೆಂಬ ಒಂದೇ ಕಾರಣಕ್ಕಲ್ಲ. ಯಾವ ವರ್ಷ, ಯಾವ ಟಂಕಸಾಲೆ, ಎಷ್ಟು ಹೊಡೆದರು, ಎಷ್ಟು ಉಳಿಯಿತು, ಎಷ್ಟು ಸವೆದಿದೆ, ಇವನ್ನೆಲ್ಲ ನೋಡುತ್ತಾರೆ. ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬಯಿಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕೆಯಾದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕಲ್ಕತ್ತೆಯದು. ೧೯೩೯ರ ಬೆಳ್ಳಿಯ ರೂಪಾಯಿ ನಿಜಕ್ಕೂ ಅಪರೂಪ. ಅದು ಅಪರೂಪವೆಂದು ಎಲ್ಲರಿಗೂ ತಿಳಿದುದರಿಂದಲೇ ಅದರ ನಕಲುಗಳೂ ಬೇಕಾದಷ್ಟು. ನಮ್ಮ ಕಿಸೆಯಲ್ಲಿ ಸಾಮಾನ್ಯವಾಗಿ ಸಿಗುವ ಸವಕಲು ನಾಣ್ಯಕ್ಕೆ ಅದರ ಮೇಲೆ ಬರೆದದ್ದೇ ಬೆಲೆ.

ಜಾಹೀರಾತಿನವನು ಮಾಡುವುದು ಏನು? ವೈಷ್ಣೋದೇವಿಯ ಚಿತ್ರದ ನಾಣ್ಯಕ್ಕೆ ಲಕ್ಷ, ಟ್ರ್ಯಾಕ್ಟರಿನ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಎಂದು ಆಸೆ ಹುಟ್ಟಿಸುತ್ತಾನೆ. ಫೋಟೋ ಕಳಿಸು ಎನ್ನುತ್ತಾನೆ. "ಆಯ್ಕೆಯಾಯಿತು, ನೋಂದಣಿಗೆ ಇಷ್ಟು ಕಳಿಸು" ಎನ್ನುತ್ತಾನೆ. ಕಳಿಸಿದ ಮೇಲೆ "ತೆರಿಗೆಗೆ ಇಷ್ಟು", ಅದೂ ಆದ ಮೇಲೆ "ಬ್ಯಾಂಕಿನ ಕಮಿಷನ್ನು ಇಷ್ಟು". ಇದೇ ತರದ ಮೋಸದಲ್ಲಿ ತನ್ನ ಹೆಸರನ್ನು ಬಳಸುತ್ತಿದ್ದಾರೆಂದು ರಿಜರ್ವ್ ಬ್ಯಾಂಕು ೨೦೨೧ರ ಆಗಸ್ಟ್ ತಿಂಗಳಲ್ಲಿ ಜನರನ್ನು ಎಚ್ಚರಿಸಿತು. ತಾನು ಇಂಥ ವ್ಯಾಪಾರ ಮಾಡುವುದಿಲ್ಲ, ಕಮಿಷನ್ನು ಕೇಳುವುದಿಲ್ಲ, ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದಿತು. ನೆನಪಿಡಲು ಒಂದೇ ಮಾತು ಸಾಕು. ಕೊಳ್ಳುವವನು ದುಡ್ಡು ಕೊಡಬೇಕು. ಕೊಳ್ಳುವವನೇ ದುಡ್ಡು ಕೇಳಿದರೆ ಅವನು ಕೊಳ್ಳುವವನಲ್ಲ. ನಮ್ಮ ತಮ್ಮನ ದೂರನ್ನು ಪೊಲೀಸು ಠಾಣೆಗೆ ಮುಟ್ಟಿಸಿದ್ದೇವೆ. ದುಡ್ಡು ಬಂದೀತೋ ಇಲ್ಲವೋ, ಇನ್ನೊಬ್ಬ ತಮ್ಮನದು ಹೋಗಬಾರದು.

ಎರಡನೆಯ ದೂರಿಗೆ ಕಾಯಿದೆಯೇ ಉತ್ತರ ಕೊಡುತ್ತದೆ. ಸಂಸತ್ತು ೨೦೧೧ರಲ್ಲಿ ಮಾಡಿದ ನಾಣ್ಯ ಕಾಯಿದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳು ೧,೦೦೦ ರೂಪಾಯಿವರೆಗಿನ ಸಂದಾಯಕ್ಕೆ ಮಾತ್ರ ನಡೆಯತಕ್ಕವು. ಎಂಟಾಣೆಯ ನಾಣ್ಯ ೧೦ ರೂಪಾಯಿವರೆಗೆ. ಆದುದರಿಂದ ೬,೦೦೦ ರೂಪಾಯಿಯ ಪಗಾರವನ್ನು ನಾಣ್ಯದ ಚೀಲದಲ್ಲಿ ಕೊಟ್ಟರೆ ಬೇಡವೆನ್ನುವ ಹಕ್ಕು ಭಟ್ಟರಿಗಿದೆ. ಇದನ್ನು ನಾವು ಧನಿಗಳಿಗೆ ಗೌರವದಿಂದಲೇ ತಿಳಿಸಿದೆವು. ಮಾರನೆಯ ದಿನ ನೋಟುಗಳು ಬಂದವು. ಇನ್ನೊಂದು ಮಾತು. ಬ್ಯಾಂಕಿಗೆ ನಾಣ್ಯ ಜಮಾ ಮಾಡಲು ಇಂಥ ಮಿತಿಯಿಲ್ಲ. ಬ್ಯಾಂಕಿನವರು ನಾಣ್ಯ ತೆಗೆದುಕೊಳ್ಳಬೇಕೆಂದು ರಿಜರ್ವ್ ಬ್ಯಾಂಕಿನ ಆದೇಶವಿದೆ. ನೂರು ನೂರು ಎಣಿಸಿ ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋದರೆ ಅವರಿಗೂ ಸುಲಭ, ನಮಗೂ ಮಾತು ಕಡಿಮೆ.

ಅದೇ ಕಾಯಿದೆಯಲ್ಲಿ ಇನ್ನೊಂದು ಅಂಶವಿದೆ. ನಡೆಯುವ ನಾಣ್ಯವನ್ನು ಕರಗಿಸುವುದು ಅಪರಾಧ. ಬರೆದ ಬೆಲೆಗಿಂತ ಹೆಚ್ಚಿಗೆ ಮಾರಬೇಕೆಂದು ಅಗತ್ಯಕ್ಕಿಂತ ಬಹಳ ಹೆಚ್ಚು ಕೂಡಿಸಿಡುವುದೂ ಅಪರಾಧ. ಚಿಲ್ಲರೆಯ ಅಭಾವವಿದ್ದಾಗ ನೂರಕ್ಕೆ ಹತ್ತು ಕಮಿಷನ್ನು ತೆಗೆದುಕೊಂಡು ಚಿಲ್ಲರೆ ಮಾರುವವರಿಗೆ ಇದನ್ನು ತಿಳಿಸಿಡುವುದು ಒಳ್ಳೆಯದು. ಪ್ರೀತಿಯಿಂದ ನಾಲ್ಕು ನಾಣ್ಯ ಡಬ್ಬಿಯಲ್ಲಿಡುವ ಹುಡುಗನಿಗೆ ಇದರಿಂದ ಹೆದರಿಕೆಯಿಲ್ಲ. ಅವನು ಇಡಲಿ. ಒಂದು ತೂತು ಕಾಸು ಕೈಯಲ್ಲಿದ್ದರೆ ಒಂದು ಯುದ್ಧದ ಚರಿತ್ರೆ ಕೈಯಲ್ಲಿದ್ದಂತೆ.

ಮೊದಲನೆಯ ದೂರಿಗೆ ಕಾಯಿದೆಗಿಂತ ನಮ್ಮ ಒಗ್ಗಟ್ಟೇ ಉತ್ತರ. ನಮ್ಮ ಸದಸ್ಯರು ಕೆಲಸ ಮಾಡುವ ಗಲ್ಲಾಗಳು ಈ ನಗರದಲ್ಲಿ ಕಡಿಮೆಯಿಲ್ಲ. ಆ ಪ್ರತಿಯೊಂದು ಗಲ್ಲಾದಲ್ಲಿ ಹತ್ತು ರೂಪಾಯಿಗೆ, ೨೦೨೦ರಲ್ಲಿ ಬಂದ ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿಗೆ, ಯಾರಾದರೂ ತಂದರೆ ಎಂಟಾಣೆಗೂ, ಒಂದೊಂದು ಖಾನೆ ತೆರೆಯೋಣ. ನಾವು ತೆಗೆದುಕೊಂಡರೆ ಗಿರಾಕಿ ತೆಗೆದುಕೊಳ್ಳುತ್ತಾನೆ. ಗಿರಾಕಿ ತೆಗೆದುಕೊಂಡರೆ ಅಂಗಡಿಯವನು ತೆಗೆದುಕೊಳ್ಳುತ್ತಾನೆ. ಗಾಳಿಮಾತು ಒಬ್ಬರಿಂದ ಒಬ್ಬರಿಗೆ ಹಬ್ಬಿದಂತೆ ನಂಬಿಕೆಯೂ ಹಬ್ಬುತ್ತದೆ. ರಿಜರ್ವ್ ಬ್ಯಾಂಕಿನ ಪ್ರಕಟಣೆಯ ಕನ್ನಡ, ಮರಾಠಿ ಪ್ರತಿಗಳನ್ನು ಸಂಘದ ಕಚೇರಿಯಲ್ಲಿ ಬರೆದಿಡಿಸಿದ್ದೇವೆ. ಹೋಗುವಾಗ ಒಂದೊಂದು ತೆಗೆದುಕೊಂಡು ಹೋಗಿ ಗಲ್ಲಾದ ಹಿಂದೆ ಅಂಟಿಸಿರಿ.

ಭಕ್ಷೀಸಿನ ವಿಷಯದಲ್ಲಿ ಈ ಸಭೆ ಒಂದು ಠರಾವು ಮಾಡಬೇಕೆಂದು ನಮ್ಮ ಸೂಚನೆ. ಗಿರಾಕಿ ಮೊಬೈಲಿನಿಂದ ಬಿಲ್ಲಿಗಿಂತ ಹೆಚ್ಚು ಹೊಡೆದ ದುಡ್ಡನ್ನು ದಿನದ ಕೊನೆಗೆ ಬೇರೆ ಬರೆದು, ಟೇಬಲಿನವರು, ಕ್ಲೀನರು, ಮೋರಿಯವರು ಎಲ್ಲರಿಗೂ ಹಂಚಬೇಕೆಂದು ಧನಿಗಳ ಸಂಘಕ್ಕೆ ಬರೆಯೋಣ. ನ್ಯಾಯವಾದ ಮಾತು, ನ್ಯಾಯವಾಗಿ ಕೇಳೋಣ.

ನಾಣ್ಯಕ್ಕೆ ಕೆಲಸ ತಪ್ಪಿದರೆ ಅದನ್ನು ಮಖಮಲ್ಲಿನ ಮೇಲಿಟ್ಟು ನೋಡುವವರಿದ್ದಾರೆ. ದುಡಿಯುವವನಿಗೆ ಕೆಲಸ ತಪ್ಪಿದರೆ ಅವನನ್ನು ಹಾಗೆ ಇಟ್ಟು ನೋಡುವವರು ಯಾರೂ ಇಲ್ಲ. ಆದುದರಿಂದ ಬಂಧುಗಳೇ, ನಮ್ಮ ಕೈಗೆ ಬಂದ ಸಣ್ಣ ನಾಣ್ಯಕ್ಕೂ ಕೆಲಸ ಕೊಡೋಣ, ನಮ್ಮ ಪಾಲಿನ ಸಣ್ಣ ದುಡ್ಡನ್ನೂ ಬಿಡದೆ ಕೇಳೋಣ. ಠರಾವಿನ ಮೇಲೆ ಮಾತನಾಡುವವರು ಈಗ ತಮ್ಮ ಹೆಸರು ಕೊಡಬೇಕು.